ಹುಡುಗರೇ, ಏನಾದ್ರೂ ಸಿಕ್ತಾ?

ಯುವಜನ ಆರಾಧನೆಯ ಸಂದೇಶ
ವಾಕ್ಯಭಾಗ: ಯೋಹಾನ 21:1–14

ಕೂತ್ಕೊಳ್ಳಿ. ಬೈಬಲ್ ತಂದಿರೋರು ತೆಗೀರಿ. ಫೋನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಂಡು ತೆಗೀರಿ. ಯೋಹಾನನು ಬರೆದ ಸುವಾರ್ತೆ, 21ನೇ ಅಧ್ಯಾಯ.

ಈ ಭಾಗ ನಿಮಗೆ ಸಂಡೇ ಸ್ಕೂಲಿಂದಲೂ ಗೊತ್ತು. ಶಿಲುಬೆ ಆಗಿದೆ, ಪುನರುತ್ಥಾನ ಆಗಿದೆ. ಶಿಷ್ಯರು ಗಲಿಲಾಯಕ್ಕೆ ವಾಪಸ್ ಬಂದಿದ್ದಾರೆ. ಪೇತ್ರ ಮೀನು ಹಿಡಿಯೋಕೆ ಹೊರಡ್ತಾನೆ. ತೋಮ, ನತಾನಯೇಲ, ಜೆಬೆದಾಯನ ಇಬ್ಬರು ಮಕ್ಕಳು, ಇನ್ನೂ ಇಬ್ಬರು ಜೊತೆಗೆ ಹತ್ತುತ್ತಾರೆ. ಒಟ್ಟು ಏಳು ಜನ, ಒಂದು ದೋಣಿ, ಒಂದು ರಾತ್ರಿ. ಸಿಕ್ಕಿದ್ದು ಏನೂ ಇಲ್ಲ.

ಸಮುದ್ರ ಅಂತ ಕರೆದರೂ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. 1986ರಲ್ಲಿ ಮಳೆ ಕಡಿಮೆಯಾಗಿ ಅಲ್ಲಿ ನೀರು ಇಳಿದಾಗ, ದಡದ ಕೆಸರಲ್ಲಿ ಯೇಸುವಿನ ಕಾಲದ ಆಸುಪಾಸಿನ ಒಂದು ದೋಣಿ ಸಿಕ್ತು. ಉದ್ದ 8 ಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ 2.3 ಮೀಟರ್. ನಮ್ಮ ಬಿಎಂಟಿಸಿ ಬಸ್ಸಿಗಿಂತ ಚಿಕ್ಕದು. ಪೇತ್ರನ ದೋಣಿಯೂ ಅಂಥದ್ದೇ ಆಗಿದ್ದರೆ, ಅದರಲ್ಲಿ ಏಳು ಗಂಡಸರು ಇಡೀ ರಾತ್ರಿ ಬಲೆ ಹಾಕೋದು, ಎಳೆಯೋದು, ಮತ್ತೆ ಹಾಕೋದು. ಯೋಚನೆ ಮಾಡಿ. ಇವರು ವೀಕೆಂಡಿಗೆ ಹೋದವರಲ್ಲ, ಕೆಲಸ ಬಲ್ಲವರು. ಸರೋವರ ಗೊತ್ತು, ಬಲೆ ಗೊತ್ತು, ಹೊತ್ತು ಗೊತ್ತು. ಆದ್ರೂ ಬಲೆ ಖಾಲಿ. ಬಲೆ ಖಾಲಿ ಇದೆ ಅಂದ್ರೆ ಆ ಮನುಷ್ಯ ಸೋಮಾರಿ ಅಂತಲ್ಲ. ಯಾರಿಗೋ ಇವತ್ತು ಈ ಮಾತು ಬೇಕಿತ್ತು. ಆಮೆನ್?

ಬೆಳಗಾಗ್ತಾ ಇದೆ. ದಡದಲ್ಲಿ ಒಬ್ಬರು ನಿಂತಿದ್ದಾರೆ. ಸುಮಾರು ಇನ್ನೂರು ಮೊಳ ದೂರ, ಅಂದ್ರೆ 90 ಮೀಟರ್ ಇರಬಹುದು. ನೀರಿನ ಮೇಲೆ ಬೆಳಗಿನ ಜಾವ ಆ ದೂರಕ್ಕೆ ಮಾತು ಕೇಳುತ್ತೆ. ಯೇಸು ಕೂಗಿ ಕೇಳ್ತಾರೆ. ನಮ್ಮ ಬೈಬಲಲ್ಲಿ ಅದು ಗಂಭೀರವಾಗಿ ಓದಿಸಿಕೊಳ್ಳುತ್ತೆ. ಗ್ರೀಕಿನಲ್ಲಿ ಅಲ್ಲಿರೋ ಪದ ಪ್ರೋಸ್‌ಫಾಗಿಯೋನ್. ರೊಟ್ಟಿ ಜೊತೆ ತಿನ್ನೋ ಪದಾರ್ಥ ಅಂತ ಅದರ ಅರ್ಥ. ನಮ್ಮ ಮನೆ ಮಾತಲ್ಲಿ ಹೇಳ್ಬೇಕಂದ್ರೆ, ನಂಚಿಕೊಳ್ಳೋಕೆ. ಹುಡುಗರೇ, ನಂಚಿಕೊಳ್ಳೋಕೆ ಏನೂ ಸಿಗಲಿಲ್ಲ ಅಲ್ವಾ? ಆ ಪ್ರಶ್ನೆಯ ಧಾಟಿ ಇದು. ಗ್ರೀಕಿನಲ್ಲಿ ಆ ಪ್ರಶ್ನೆ ‘ಇಲ್ಲ’ ಅನ್ನೋ ಉತ್ತರವನ್ನೇ ನಿರೀಕ್ಷಿಸೋ ರೀತಿಯಲ್ಲಿದೆ. ಕೇಳ್ತಿರೋರಿಗೆ ಉತ್ತರ ಮೊದಲೇ ಗೊತ್ತು. ಆದ್ರೂ ಕೇಳಿದ್ರು.

ಅವರು ಕೊಟ್ಟ ಉತ್ತರ ಒಂದೇ ಪದ. ಇಲ್ಲ.

ಇವತ್ತಿನ ಸಂದೇಶ ಈ ಒಂದು ಪದದ ಮೇಲೆ. ಪಕ್ಕದಲ್ಲಿರೋರಿಗೆ ಹೇಳಿ: ‘ಇಲ್ಲ ಅನ್ನೋದೂ ಪ್ರಾರ್ಥನೆ.’

ಕಳೆದ ಡಿಸೆಂಬರಲ್ಲಿ ನಮ್ಮ ಯೂತ್‌ನವರು 11 ಜನ ಉತ್ತರ ಕನ್ನಡಕ್ಕೆ ಹೋಗಿದ್ವಿ. ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳ ಮಧ್ಯೆ ಸಣ್ಣ ಸಣ್ಣ ಕೊಲ್ಲಿಗಳಿವೆ. ಕೆಲವಕ್ಕೆ ರಸ್ತೆ ಇಲ್ಲ. ಗುಡ್ಡ ಹತ್ತಿ ಇಳಿದು ಹೋಗ್ಬೇಕು, ಇಲ್ಲಾಂದ್ರೆ ದೋಣಿ. ನಮ್ಮ ಸಭೆಯ ಕುಮಟಾ ಕಡೆಯ ಸಹೋದರರ ಪರಿಚಯದ ಮೀನುಗಾರರು ತದಡಿಯಿಂದ ನಮ್ಮನ್ನು ದೋಣೀಲಿ ಅಂಥ ಒಂದು ಕೊಲ್ಲಿಗೆ ಕರ್ಕೊಂಡು ಹೋದ್ರು. ಎರಡು ಕಡೆ ಬಂಡೆ, ಮಧ್ಯೆ ಒಂದಿಷ್ಟು ಮರಳು. ನೆಟ್‌ವರ್ಕ್ ಇಲ್ಲ. ನಮ್ಮ ಹುಡುಗರಿಗೆ ಅರ್ಧ ಗಂಟೆ ಅದೇ ದೊಡ್ಡ ಉಪವಾಸ!

ಅಲ್ಲಿ ಅವರು ಹಾಕಿದ್ದು ಕೈರಂಪಣಿ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿರುತ್ತೆ. ದೋಣಿ ಬಲೆ ಬಿಡ್ತಾ ಅರ್ಧ ಸುತ್ತು ಹಾಕಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತೆ. ಆಮೇಲೆ ಎರಡೂ ಕಡೆ ಜನ ನಿಂತು ಎಳೀಬೇಕು. ಇದರ ದೊಡ್ಡಣ್ಣ ರಂಪಣಿ. ಒಂದು ಬಲೆಗೆ ಹತ್ತಾರು ಜನ ಬೇಕಿತ್ತು, ಬಂಗಡೆ, ತಾರ್ಲೆ ರಾಶಿ ಬೀಳ್ತಿತ್ತು, ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಕೊನೆಗೆ ಯಂತ್ರದ ದೋಣಿ, ಪರ್ಸೀನ್ ಬಲೆಗಳು ಹೆಚ್ಚಾದ ಮೇಲೆ ರಂಪಣಿ ಕಡಿಮೆಯಾಗ್ತಾ ಬಂತು. ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ.

ಅಲ್ಲಿ ನಾನು ಎರಡು ವಿಷಯ ನೋಡಿದೆ.

ಒಂದು, ಬಲೆ ಬಿಡೋ ಮುಂಚೆ ಹಿರಿಯರೊಬ್ಬರು ಬಂಡೆ ಹತ್ತಿ ನಿಂತ್ರು. ದೋಣೀಲಿದ್ದೋರಿಗೆ ಅಲ್ಲಿಂದಲೇ ಟವೆಲ್ ಬೀಸಿ ‘ಆಚೆ, ಇನ್ನೂ ಆಚೆ’ ಅಂತ ತೋರಿಸ್ತಿದ್ರು. ‘ಅಜ್ಜ, ದೋಣೀಲಿರೋರಿಗೆ ಕಾಣಲ್ವಾ?’ ಅಂತ ಒಬ್ಬ ಹುಡುಗ ಕೇಳ್ದ. ‘ನೀರಿನ ಮೇಲೆ ಕೂತವಂಗೆ ನೀರೇ ಕಾಣೂದು ಮಾರಾಯ. ಮೇಲೆ ನಿಂತವಂಗೆ ಮೀನಿನ ಗುಂಪಿನ ಬಣ್ಣ ಕಾಣ್ತದೆ’ ಅಂದ್ರು.

ನನಗೆ ತಕ್ಷಣ ಯೋಹಾನ 21 ನೆನಪಾಯ್ತು. ದಡದಲ್ಲಿರೋದು ಯೇಸು ಅಂತ ಶಿಷ್ಯರಿಗೆ ಇನ್ನೂ ಗೊತ್ತಿಲ್ಲ. ಆದ್ರೂ ಬಲಗಡೆ ಹಾಕಿ ಅಂದ ತಕ್ಷಣ ಯಾಕೆ ಹಾಕಿದ್ರು? ದಡದಿಂದ ಬರೋ ಮಾತಿಗೆ ಮೀನುಗಾರ ಬೆಲೆ ಕೊಡ್ತಾನೆ. ಇದರಿಂದ ಅದ್ಭುತ ಸಣ್ಣದಾಗಲ್ಲ. 153 ದೊಡ್ಡ ಮೀನು, ಬಲೆ ಹರಿಯಲಿಲ್ಲ. ಅದು ಕರ್ತನ ಕೆಲಸವೇ. ಆದ್ರೆ ವಿಧೇಯತೆ ಅನ್ನೋದು ಅವರಿಗೆ ಹೇಗೆ ಬಂತು ಅಂತ ನನಗೆ ಆ ಬಂಡೆಯ ಕೆಳಗೆ ಅರ್ಥ ಆಯ್ತು. ನಿನ್ನ ಜೀವನದಲ್ಲಿ ನೀನು ಕೂತಿರೋ ಜಾಗದಿಂದ ಬರೀ ನೀರು ಕಾಣ್ತಿರಬಹುದು. ಕರ್ತನು ನಿಂತಿರೋ ಜಾಗ ಬೇರೆ. ಹಲ್ಲೆಲೂಯಾ!

ಎರಡು, ನಮ್ಮ ಬಲೆ. ಹನ್ನೊಂದು ಜನ ಬೆಂಗಳೂರಿನವರು ಹಗ್ಗ ಹಿಡಿದು ಮುಕ್ಕಾಲು ಗಂಟೆ ಎಳೆದ್ವಿ. ಅಂಗೈ ಕೆಂಪಾಯ್ತು. ಬಂದಿದ್ದು ನಾಲ್ಕು ಏಡಿ, ಒಂದಷ್ಟು ಸಣ್ಣ ಮೀನು, ಒಂದು ಬುಟ್ಟಿಯಷ್ಟು ಕಸ. ಅಷ್ಟೊತ್ತಿಗೆ ಆಚೆ ಇನ್ನೊಂದು ದೋಣಿ ಹೋಗ್ತಿತ್ತು. ಅವರು ಕೂಗಿ ಕೇಳಿದ್ರು, ಬಿತ್ತಾ ಅಂತ. ನಮ್ಮ ಅಜ್ಜ ಸೊಂಟದ ಮೇಲೆ ಕೈ ಇಟ್ಕೊಂಡು, ಇಡೀ ಕೊಲ್ಲಿಗೆ ಕೇಳೋ ಹಾಗೆ ಕೂಗಿದ್ರು: ‘ಎಂತದೂ ಇಲ್ಲ!’

ನಾಚಿಕೆ ಇಲ್ಲ, ಸಬೂಬಿಲ್ಲ. ಆ ದೋಣಿಯವರು ಅಲ್ಲಿಂದಲೇ ಉತ್ತರದ ಕಡೆ ಕೈ ತೋರಿಸಿ ಏನೋ ಹೇಳಿದ್ರು. ‘ಇಲ್ಲ’ ಅಂದವನಿಗೆ ಮಾತ್ರ ದಾರಿ ಹೇಳೋಕೆ ಆಗೋದು. ‘ಸೂಪರ್, ತುಂಬಿದೆ’ ಅಂದಿದ್ರೆ ಅವರು ಕೈ ಬೀಸಿ ಹೋಗ್ತಿದ್ರು, ಅಷ್ಟೇ.

ಆ ರಾತ್ರಿ ನಮ್ಮ ಜೊತೆ ಬಂದಿದ್ದ ಒಬ್ಬ ತಮ್ಮ ನನ್ನ ಪಕ್ಕ ಬಂದು ಕೂತ. ಅವನ ಅನುಮತಿ ತಗೊಂಡೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ‘ಬ್ರದರ್, ನಂಗೆ ಕೆಲಸ ಇಲ್ಲ. ಐದು ತಿಂಗಳಾಯ್ತು’ ಅಂದ. ಲೇಆಫ್. ಮನೇಲಿ ಹೇಳಿಲ್ಲ. ದಿನಾ ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಡಬ್ಬಿ ತಗೊಂಡು, ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಮೆಟ್ರೋ ಹತ್ತೋದು, ಲೈಬ್ರರೀಲಿ ಕೂರೋದು, ಸಂಜೆ ಏಳಕ್ಕೆ ವಾಪಸ್. ಸೆಲ್ ಗ್ರೂಪಿಗೂ ಬರೋದು ಬಿಟ್ಟಿದ್ದ. ಯಾಕೆ ಗೊತ್ತಾ? ‘ಅಲ್ಲಿ ಎಲ್ಲರೂ ಸಾಕ್ಷಿ ಹೇಳ್ತಾರೆ ಬ್ರದರ್. ಪ್ರಮೋಷನ್, ವೀಸಾ, ಹೊಸ ಮನೆ. ನನ್ನ ಹತ್ರ ಹೇಳೋಕೆ ಏನಿದೆ?’

ದೇವಜನರೇ, ಈ ಮಾತು ಸಭೆಯಾಗಿ ನಮ್ಮೆಲ್ಲರಿಗೂ ಸೇರಿದ್ದು. ತುಂಬಿದ ಬಲೆಗೆ ಮೈಕ್ ಇದೆ. ಖಾಲಿ ಬಲೆಗೂ ಇಲ್ಲಿ ಒಂದು ಕುರ್ಚಿ ಇರ್ಬೇಕು. ಶಿಷ್ಯರು ಪುನರುತ್ಥಾನ ಹೊಂದಿದ ಕರ್ತನಿಗೇ ‘ಇಲ್ಲ’ ಅಂದ್ರು. ಕರ್ತನು ಅವರ ನಂಬಿಕೆ ಸಾಲದು ಅಂತ ಬೈದರಾ? ಓದಿ ನೋಡಿ. ಬೈಯಲಿಲ್ಲ.

ಮುಂದೆ 9ನೇ ವಚನ ನೋಡಿ. ದಡಕ್ಕೆ ಬಂದಾಗ ಇದ್ದಲಿನ ಬೆಂಕಿ ಇದೆ. ಗ್ರೀಕಿನಲ್ಲಿ ಆ ಪದ ಅನ್‌ತ್ರಾಕಿಯಾ. ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಬರೋದು ಎರಡೇ ಸಲ. ಇನ್ನೊಂದು ಯೋಹಾನ 18:18, ಮಹಾಯಾಜಕನ ಅಂಗಳದಲ್ಲಿ ಪೇತ್ರ ಚಳಿ ಕಾಯಿಸಿಕೊಳ್ತಿದ್ದ ಬೆಂಕಿ. ಆ ಬೆಂಕಿಯ ಹತ್ರ ಪೇತ್ರ ‘ಅಲ್ಲ’ ಅಂದ. ನಾನು ಅವನ ಶಿಷ್ಯ ಅಲ್ಲ. ಅದು ತನ್ನನ್ನು ಉಳಿಸಿಕೊಳ್ಳೋಕೆ ಹೇಳಿದ ಸುಳ್ಳು. ಈ ದಡದಲ್ಲಿ ಆ ದೋಣಿ ‘ಇಲ್ಲ’ ಅಂತು. ಅದು ನಿಜ. ‘ಅಲ್ಲ’ ಅಂದ ರಾತ್ರಿ ಪೇತ್ರ ಹೊರಗೆ ಹೋಗಿ ಅತ್ತ. ‘ಇಲ್ಲ’ ಅಂದ ಬೆಳಿಗ್ಗೆ ನೀರಿಗೆ ಹಾರಿ ಯೇಸುವಿನ ಹತ್ರ ಬಂದ.

ಇನ್ನೂ ಒಂದು ವಿಷಯ ಗಮನಿಸಿ. ಬಲೆ ದಡಕ್ಕೆ ಬರೋ ಮುಂಚೆಯೇ ಆ ಬೆಂಕಿಯ ಮೇಲೆ ಮೀನಿದೆ, ಪಕ್ಕದಲ್ಲಿ ರೊಟ್ಟಿ ಇದೆ. ಎಲ್ಲಿಂದ ಬಂತು? ವಾಕ್ಯ ಹೇಳಲ್ಲ. ಆದ್ರೆ ಇಷ್ಟು ಸ್ಪಷ್ಟ: ತಿಂಡಿ ಅವರ ಬಲೆಯ ಮೇಲೆ ನಿಂತಿರಲಿಲ್ಲ. ನೀವು ಹಿಡಿದಿದ್ದನ್ನೂ ತನ್ನಿ ಅಂತ ಯೇಸು ಅವರ ದುಡಿಮೆಗೆ ಮರ್ಯಾದೆ ಕೊಟ್ರು. ಆದ್ರೆ ಆ ಏಳು ಜನ ಬರಿಗೈಯಲ್ಲಿ ಬಂದಿದ್ರೂ ಅಲ್ಲಿ ಊಟ ಇತ್ತು.

ಹಾಗಂತ ಇವತ್ತು ‘ಇಲ್ಲ’ ಅಂದ್ರೆ ಸೋಮವಾರ ಆಫರ್ ಲೆಟರ್ ಬರುತ್ತೆ ಅಂತ ನಾನು ಹೇಳಲ್ಲ. ನಮ್ಮ ಆ ತಮ್ಮ ಇನ್ನೂ ಇಂಟರ್‌ವ್ಯೂ ಕೊಡ್ತಾನೇ ಇದ್ದಾನೆ. ಆದ್ರೆ ಊರಿಂದ ಬಂದ ವಾರವೇ ಅಪ್ಪ ಅಮ್ಮನ ಮುಂದೆ ಕೂತು ಹೇಳ್ದ. ಅಮ್ಮ ಅತ್ರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಐದು ತಿಂಗಳು ಒಬ್ಬನೇ ಹೊತ್ಕೊಂಡಿದ್ಯಲ್ಲೋ’ ಅಂದ್ರಂತೆ. ಸಭೆಯ ಇಬ್ಬರು ಸಹೋದರರು ಅವನ ರೆಸ್ಯೂಮೆ ಕೂತು ಸರಿ ಮಾಡಿಕೊಟ್ರು. ಬೈಕಿನ ಇಎಂಐ ಬಗ್ಗೆ ಬ್ಯಾಂಕಿಗೆ ಹೋಗಿ ಮಾತಾಡಿದ. ಈಗ ಡಬ್ಬಿ ಮನೇಲೇ ಬಿಚ್ಚಿ ತಿಂತಾನೆ. ಬಲೆ ಇನ್ನೂ ತುಂಬಿಲ್ಲ, ಆದ್ರೆ ಅವನು ಬೆಂಕಿಯ ಹತ್ರ ಕೂತಿದ್ದಾನೆ. ಇದೂ ಸಾಕ್ಷಿ. ಕರ್ತನಿಗೆ ಸ್ತೋತ್ರ!

ಇವತ್ತು ನಾನು ಯಾರನ್ನೂ ಮುಂದೆ ಕರೆಯಲ್ಲ. ಕಣ್ಣು ಮುಚ್ಚಿ. ಎಲ್ಲಿ ನೀವು ‘ಸೂಪರ್’ ಅಂತ ಹೇಳ್ತಾ ಇದ್ದೀರೋ, ಆ ಜಾಗ ನಿಮಗೆ ಗೊತ್ತು. ಕೆಲಸ ಇರಬಹುದು, ಮದುವೆ ಇರಬಹುದು, ಪ್ರಾರ್ಥನಾ ಜೀವನವೇ ಇರಬಹುದು. ಕರ್ತನು ಕೇಳ್ತಿದ್ದಾರೆ. ಒಂದೇ ಪದ ಸಾಕು. ಆಮೇಲೆ ಈ ವಾರ ನೀವು ನಂಬೋ ಒಬ್ಬ ವಿಶ್ವಾಸಿಗೆ, ಅಥವಾ ಮನೆಯವರಿಗೆ, ಅದೇ ಪದ ಹೇಳಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ರಾತ್ರಿಯೆಲ್ಲಾ ದುಡಿದು ಬರಿಗೈಯಲ್ಲಿ ಕೂತಿರುವ ನಿನ್ನ ಮಕ್ಕಳನ್ನು ನೀನು ನೋಡುತ್ತಿದ್ದೀ. ಅವರ ಬಾಯಿಂದ ಸುಳ್ಳನ್ನೂ ಹೃದಯದಿಂದ ನಾಚಿಕೆಯನ್ನೂ ತೆಗೆದುಹಾಕು. ನಿನ್ನ ಸ್ವರವನ್ನು ಕೇಳಿ ಬಲೆ ಹಾಕುವ ಕಿವಿಯನ್ನು ಕೊಡು. ಬಲೆ ತುಂಬುವ ಮುಂಚೆಯೇ ನೀನು ಸಿದ್ಧಮಾಡಿರುವ ಬೆಂಕಿಯ ಹತ್ತಿರಕ್ಕೆ ಅವರನ್ನು ಕರೆದುಕೊಂಡು ಬಾ. ನಮ್ಮ ಸಭೆಯನ್ನು ಅಂಥ ದಡವನ್ನಾಗಿ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.