ತೆಗೆಸಿಕೊಳ್ಳದವರ ಚಿತ್ರ

ಲಾಲ್‌ಬಾಗ್‌ನ ಬಾಗಿಲಲ್ಲಿ ಕ್ಯಾಮೆರಾಗೆ ಬೇರೆ ಶುಲ್ಕ. ಮೊಬೈಲನ್ನು ಯಾರೂ ಕೇಳುವುದಿಲ್ಲ. ಸಿನಿಮಾ, ಜಾಹೀರಾತಿನವರು ತೋಟಗಾರಿಕೆ ಇಲಾಖೆಯ ಅನುಮತಿ ಪಡೆಯಬೇಕು. ಹೂವಿನ ಪಾತಿಗೆ ಕಾಲಿಟ್ಟರೆ ಕಾವಲುಗಾರ ಗದರುತ್ತಾನೆ. (ಮದುವೆಗೆ ಮುಂಚಿನ ಶೂಟಿಂಗ್‌ಗೆ ಬಂದವರು ವಾಕಿಂಗ್ ಅಜ್ಜನಿಗೇ ‘ಸ್ವಲ್ಪ ಪಕ್ಕಕ್ಕೆ ಬನ್ನಿ ಅಂಕಲ್’ ಎನ್ನುವುದು ಬೇರೆಯೇ ಕಥೆ.) ನಿಯಮಗಳೆಲ್ಲ ಸರಿಯೇ. ಆದರೆ ಅವು ವಿಚಾರಿಸುವುದು ಸಲಕರಣೆಯನ್ನು, ದುಡ್ಡನ್ನು, ಗಿಡವನ್ನು. ಚೌಕಟ್ಟಿನೊಳಗೆ ಸಿಕ್ಕಿಬಿದ್ದ ಮನುಷ್ಯನನ್ನಲ್ಲ.

ನಾವು ಫೋಟೊ ‘ತೆಗೆಯುತ್ತೇವೆ’, ಕೆಲವರು ‘ಹೊಡೆಯುತ್ತಾರೆ’. ಸ್ಟುಡಿಯೋ ಕಾಲದಲ್ಲಿ ಹೆಚ್ಚು ಕೇಳುತ್ತಿದ್ದ ಮಾತು ‘ತೆಗೆಸಿಕೊಳ್ಳುವುದು’. ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತು ತೆಗೆಸಿಕೊಳ್ಳುತ್ತಿದ್ದರು. ಆ ಕ್ರಿಯಾಪದದೊಳಗೇ ಒಪ್ಪಿಗೆ ಇದೆ. ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆಹೋದ ಕೂಲಿಯವನು ಏನನ್ನೂ ತೆಗೆಸಿಕೊಂಡಿಲ್ಲ.

ಸಾರ್ವಜನಿಕ ಜಾಗಕ್ಕೆ ಬಂದ ಮೇಲೆ ಇನ್ನೇನು ಖಾಸಗಿ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ತನ್ನದೇ ಕೋಣೆ ಇರುವವರಿಗೆ ಉದ್ಯಾನ ಬರೀ ವಿಹಾರದ ಜಾಗ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯವರಿಗೆ 240 ಎಕರೆಯ ಲಾಲ್‌ಬಾಗೇ ಇನ್ನೊಂದು ಕೋಣೆ. ಪಿಜಿಯ ಹುಡುಗಿ ಅಮ್ಮನಿಗೆ ಫೋನು ಮಾಡಿ ಅಳುವುದು ಇಲ್ಲಿ. ಜಾತಿ ಬೇರೆಯಾದ ಇಬ್ಬರು ಕೂತು ಮುಂದೇನು ಎಂದು ಮಾತಾಡಿಕೊಳ್ಳುವುದೂ ಇಲ್ಲೇ. ಅವರ ಹಿಂದಿನ ಬಿದಿರುಮೆಳೆ ಚೆಂದ ಎಂದು ಯಾರೋ ತೆಗೆದ ಚಿತ್ರ ಸಂಜೆಯೊಳಗೆ ಊರಿನ ವಾಟ್ಸ್‌ಆ್ಯಪ್ ಗುಂಪು ಸೇರಿದರೆ ಆಕೆಯ ಓದು ಅಲ್ಲಿಗೇ ನಿಲ್ಲಬಹುದು. ತೆಗೆದವನಿಗೆ ಅದು ಗೊತ್ತೂ ಆಗುವುದಿಲ್ಲ.

1890ರಲ್ಲಿ ಅಮೆರಿಕದ ವಕೀಲರಾದ ವಾರನ್ ಮತ್ತು ಬ್ರಾಂಡೈಸ್ ಖಾಸಗಿತನದ ಹಕ್ಕಿನ ಬಗ್ಗೆ ಬರೆದಾಗ ಅವರನ್ನು ಕಾಡಿದ್ದರಲ್ಲಿ ಕ್ಷಣದಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾವೂ ಒಂದು. ನಮ್ಮಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮೂಲಭೂತ ಹಕ್ಕೆಂದಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೊಕದ್ದಮೆ ಆಧಾರ್ ಕುರಿತದ್ದು, ನಿಜ. ಆದರೂ ತೀರ್ಪಿನಲ್ಲಿ ಈ ವಿಚಾರಕ್ಕೆ ಬೇಕಾದ ಮಾತಿದೆ: ಖಾಸಗಿತನ ಅಂಟಿಕೊಂಡಿರುವುದು ವ್ಯಕ್ತಿಗೆ, ಜಾಗಕ್ಕಲ್ಲ, ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ.

ಹಾಗೆಂದು ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ಒಬ್ಬೊಬ್ಬರನ್ನೂ ಕೇಳಲಾದೀತೇ? ಬೇಕಾಗಿಯೂ ಇಲ್ಲ. ಅಲ್ಲಿ ಚಿತ್ರ ಗಾಜಿನಮನೆಯದು, ಗುಂಪಿನದು. ಒಬ್ಬರ ಮುಖವೇ ಚಿತ್ರವಾದಾಗ ಮಾತು ಬೇರೆ. ನಿದ್ದೆಯಲ್ಲಿರುವವನನ್ನಂತೂ ಕೇಳುವ ಹಾಗಿಲ್ಲ. ಬೆಳಕು ಎಷ್ಟೇ ಚೆನ್ನಾಗಿರಲಿ, ಆ ಚಿತ್ರ ನಮ್ಮದಲ್ಲ.

ಕೇಳಿದರೆ ಚಿತ್ರದ ಜೀವವೇ ಹೋಗುತ್ತದೆ ಎಂಬ ಛಾಯಾಗ್ರಾಹಕರ ದೂರು ಸುಳ್ಳಲ್ಲ. ಕಳೆ ಕೀಳುತ್ತಿದ್ದ ತೋಟದಾಕೆ ಕೇಳಿದ ಕೂಡಲೇ ಕುರ್ಪಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾಳೆ. ಬಾಗಿದ ಬೆನ್ನು, ಮಣ್ಣಿನ ಕೈ ಎಲ್ಲ ಹೋಯಿತು. ಆದರೆ ಅವಳಿಗೆ ಬೇಕಾಗಿರುವುದು ಆ ನೆಟ್ಟಗೆ ನಿಂತ ಚಿತ್ರವೇ. ಇಲ್ಲವೇ ತೆಗೆದ ಮೇಲಾದರೂ ತೋರಿಸಿ ಕೇಳಬಹುದು, ಬೇಡವೆಂದರೆ ಅವಳೆದುರೇ ಅಳಿಸಬಹುದು. ಬಹಳ ಮಂದಿ ಬೇಡ ಎನ್ನುವುದೂ ಇಲ್ಲ. ‘ನಂಗೂ ಒಂದು ಕಳ್ಸಪ್ಪ’ ಎಂದು ಮಗನ ನಂಬರು ಹೇಳುತ್ತಾರೆ.