ಅಂಗಲೇಪನವೂ ಅನುಮೋದನವೂ

ಭಾದ್ರಪದದ ದಶಲಕ್ಷಣ ಪರ್ವವು ಘಟ್ಟದ ಸೀಮೆಗೆ ಮಳೆ ಇನ್ನೂ ಬಿಡದ ಕಾಲದಲ್ಲಿಯೇ ಬರುತ್ತದೆ. ಸಿದ್ದಾಪುರ ತಾಲೂಕಿನ ನಿಲ್ಕುಂದದಂತಹ ಊರಿನಲ್ಲಿ, ತೋಟದ ಕೆಸರು ತುಳಿದು ಹಿಮ್ಮಡಿ ಒಡೆದ ಶ್ರಾವಿಕೆಯೊಬ್ಬಳು ವ್ರತ ಹಿಡಿದಿದ್ದಾಳೆಂದು ಇಟ್ಟುಕೊಳ್ಳಬಹುದು. ಪಟ್ಟಣದಿಂದ ಬಂದ ಮಗಳು ಜೀವಸತ್ವ ಬೆರೆಸಿದ ಚರ್ಮಲೇಪವೊಂದನ್ನು ಕೈಗಿಡುತ್ತಾಳೆ. ಹಚ್ಚಿಕೊಳ್ಳಬಹುದೇ?

ಉಪವಾಸದ ದಿನದ ಮಟ್ಟಿಗೆ ಉತ್ತರ ಸುಲಭ. ಅಂದು ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಗಳನ್ನು ತ್ಯಜಿಸಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿಧಿಸುತ್ತದೆ. ಒಡೆದ ಹಿಮ್ಮಡಿಯ ಮದ್ದು ಅಲಂಕಾರವಲ್ಲವೆಂದು ವಾದಿಸುವವರುಂಟು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದು ದಿನ ತಾಳಲಾಗದ ನೋವು ಹೌದೋ ಅಲ್ಲವೋ ಎಂಬುದನ್ನು ಆಕೆಯೇ ಹೇಳಬೇಕು. ಕಠಿಣವಾದುದು ಪಾರಣೆಯ ನಂತರದ ಪ್ರಶ್ನೆ.

ಇಂತಹ ಲೇಪಕ್ಕೆ ಮೂರು ಬಗೆಯ ಪರೀಕ್ಷೆಗಳುಂಟು. ಮೊದಲನೆಯದು ಸ್ಥಿರತೆಯದು. ಜೀವಸತ್ವ 'ಸಿ' ಗಾಳಿ, ಬೆಳಕು ತಾಗಿದರೆ ಕೆಡುತ್ತ ಹಳದಿಯಾಗುತ್ತದೆ; 'ಎ' ಬೆಳಕನ್ನು ಸಹಿಸದು; 'ಇ' ಎಣ್ಣೆ ಕಮಟುವುದನ್ನೇ ತಡೆಯುತ್ತದೆ. ಆದುದರಿಂದ ಲೇಪವನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ತಿಂಗಳುಗಟ್ಟಲೆ ಇರಿಸಿ ನೋಡುತ್ತಾರೆ. ಎರಡನೆಯದು ಪರಿಣಾಮದ್ದು. ಒಪ್ಪಿ ಬಂದ ಮನುಷ್ಯರ ಚರ್ಮದಿಂದ ಎಷ್ಟು ನೀರು ಆರಿಹೋಗುತ್ತದೆಂದು ಯಂತ್ರದಿಂದ ಅಳೆಯುತ್ತಾರೆ. ಇವೆರಡರಲ್ಲಿಯೂ ಪ್ರಾಣಿಗೆ ನೋವಿಲ್ಲ. ಹಿಂಸೆ ಹೊಕ್ಕಿದ್ದು ಮೂರನೆಯದರಲ್ಲಿ: ಉರಿಯುಂಟಾಗುವುದೋ ಎಂದು ತಿಳಿಯಲು ಮೊಲದ ಕಣ್ಣಿಗೆ ವಸ್ತುವನ್ನು ಸುರಿಯುವ ಡ್ರೇಝ್ ಪರೀಕ್ಷೆ 1944ರಲ್ಲಿ ಅಮೇರಿಕೆಯಲ್ಲಿ ಆರಂಭವಾಯಿತು. ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿ ನಿಷೇಧಿಸಿತು. 2020ರ ನಿಯಮಗಳೂ ಅದನ್ನು ಉಳಿಸಿಕೊಂಡಿವೆ.

ಹಾಗಾದರೆ ದೋಷ ಮುಗಿಯಿತೇ? ಸಂಕಲ್ಪಪೂರ್ವಕವಾಗಿ ತ್ರಸಜೀವಿಯನ್ನು ಕೊಲ್ಲದಿರುವ ಅಣುವ್ರತವು ಕೃತ, ಕಾರಿತ, ಅನುಮೋದನ ಮೂರನ್ನೂ ಒಳಗೊಳ್ಳುತ್ತದೆ. ಎಂದೋ ಕುರುಡಾದ ಮೊಲದ ಪಾಪ ಇಂದು ಕೊಂಡವಳಿಗೆ ಅಂಟುವುದೆಂದರೆ ಅತಿಯಾಯಿತು. ಅನುಮೋದನವು ಮನಸ್ಸಿನ ಈಗಿನ ಭಾವ, ಪಿತ್ರಾರ್ಜಿತ ಸಾಲವಲ್ಲ. ಆದರೆ ಪರದೇಶದಲ್ಲಿ ಇಂದಿಗೂ ಆ ಪರೀಕ್ಷೆ ನಡೆಸುವವನ ಸರಕನ್ನು ತಿಳಿದೂ ಕೊಂಡರೆ, ಕೊಟ್ಟ ಹಣವೇ ಒಪ್ಪಿಗೆಯಾಗುತ್ತದೆ. ತಿಳಿಯಲು ಸಾಧ್ಯವಿದ್ದೂ ಕೇಳದಿರುವುದು ಪ್ರಮಾದ. ಕೇಳಬೇಕಾದುದು ಮತ್ತೊಂದುಂಟು, ಮೂಲದ್ರವ್ಯ: 'ಇ' ಸೋಯಾ, ಸೂರ್ಯಕಾಂತಿಯ ಎಣ್ಣೆಯಿಂದ ಬಂದಿರಬಹುದು, 'ಎ' ಹಿಂದೆ ಮೀನಿನ ಯಕೃತ್ತಿನಿಂದ ಬರುತ್ತಿತ್ತು, ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು.

ತಾಯಿ ಮಗಳಿಗೆ ತಯಾರಕರಿಗೊಂದು ಕಾಗದ ಬರೆಯಲು ಹೇಳಬಹುದು. ಉತ್ತರ ಬರುವವರೆಗೆ, ಬೀಜವನ್ನು ಅರೆದು ಕುದಿಸಿ ತೇಲಿದ್ದನ್ನು ತೆಗೆದ ಮುರುಗಲ ತುಪ್ಪದ ಗಟ್ಟಿ ಅಡುಗೆಮನೆಯ ಮಾಡದಲ್ಲಿ ಇದ್ದೇ ಇದೆ.