ತಜ್ಞರ ಒಮ್ಮತವೂ ಅರಿವಿನ ಪ್ರಾಮಾಣ್ಯವೂ

ಒಂದೇ ವಸ್ತುವನ್ನು ನೋಡಿದ ಇಬ್ಬರು ಬಲ್ಲವರು ಒಂದೇ ತೀರ್ಪು ಕೊಟ್ಟರೆ ಅದು ನಿಜವೆನ್ನಲು ಅಷ್ಟು ಸಾಕೇ ಎಂಬ ಪ್ರಶ್ನೆ ಪ್ರಮಾಣಶಾಸ್ತ್ರಕ್ಕೆ, ಅಂದರೆ ಸರಿಯಾದ ಅರಿವು ಹೇಗೆ ದೊರೆಯುತ್ತದೆಂದು ವಿಚಾರಿಸುವ ಶಾಸ್ತ್ರಕ್ಕೆ, ಹೊಸದಲ್ಲ. ಕಲಬುರಗಿಯ ಗಾಜಿಪುರದ ಯಾವುದೋ ಮನೆಯ ಕೂಸು ಅಂಗಾತ ಮಲಗಿದಾಗ, ಅತ್ತಾಗ, ಉಸಿರೆಳೆಯುತ್ತಲೇ ಕೀರಲು ಸದ್ದು ಮಾಡುತ್ತದೆಂದು ಇಟ್ಟುಕೊಂಡರೆ, ಅದರ ಗಂಟಲನ್ನು ಪರೀಕ್ಷಿಸಿದ ಇಬ್ಬರು ತಜ್ಞರಲ್ಲಿ ಒಬ್ಬರು ‘ಸೌಮ್ಯ’ ಎಂದೂ ಮತ್ತೊಬ್ಬರು ‘ತೀವ್ರ’ ಎಂದೂ ಬರೆದಾಗ ಅದೇ ಹಳೆಯ ಪ್ರಶ್ನೆ ತಿರುವುಮುರುವಾಗಿ ತಂದೆತಾಯಿಗಳ ಮುಂದೆ ಬಂದು ನಿಲ್ಲುತ್ತದೆ.

ಇಂಥ ಸದ್ದಿಗೆ ಶಿಶುಗಳಲ್ಲಿ ಅತಿ ಸಾಮಾನ್ಯ ಕಾರಣವೆಂದರೆ ಲ್ಯಾರಿಂಗೋಮಲೇಶಿಯ, ಅಂದರೆ ಧ್ವನಿಪೆಟ್ಟಿಗೆಯ ಮೇಲ್ಭಾಗದ ಮೆತ್ತನೆಯ ಅಂಗಾಂಶ ಉಸಿರಿನೊಡನೆ ಒಳಕ್ಕೆ ಕುಸಿಯುವುದು. ಬಹುಪಾಲು ಮಕ್ಕಳಲ್ಲಿ ಅದು ಎರಡು ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ. ಹಾಲು ಕುಡಿಯಲಾಗದೆ ತೂಕ ಏರದ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕುಸಿತ ಎಷ್ಟೆಂಬುದನ್ನು ಕಣ್ಣಳತೆಯಿಂದಲೇ ಹೇಳಬೇಕಾದ್ದರಿಂದ ಇಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆ ಹೆಚ್ಚು. ಧ್ವನಿತಂತುಗಳ ಕೆಳಗೆ ಹಾದಿ ಕಿರಿದಾಗುವ ಸಬ್‌ಗ್ಲಾಟಿಕ್ ಸ್ಟೆನೋಸಿಸ್‌ನಲ್ಲಿ ಸ್ಥಿತಿ ಬೇರೆ: ಮಯರ್, ಕಾಟನ್ ಮೊದಲಾದವರು 1994ರಲ್ಲಿ ಪ್ರಕಟಿಸಿದ ಕ್ರಮದಂತೆ, ಮಗುವಿನ ವಯಸ್ಸಿಗೆ ಹಿಡಿಸಬೇಕಾದ ಉಸಿರುನಳಿಕೆಗೂ ನಿಜವಾಗಿ ಹಿಡಿಸುವ ನಳಿಕೆಗೂ ಇರುವ ಅಂತರದಿಂದ ಅಡಚಣೆಯನ್ನು ಅಳೆದು, 50 ಪ್ರತಿಶತದವರೆಗೆ ಮೊದಲ ದರ್ಜೆ, 51ರಿಂದ 70 ಎರಡನೆಯದು, 71ರಿಂದ 99 ಮೂರನೆಯದು, ಹಾದಿಯೇ ಕಾಣದಿದ್ದರೆ ನಾಲ್ಕನೆಯದು ಎಂದು ವಿಂಗಡಿಸುತ್ತಾರೆ. 50ಕ್ಕೂ 51ಕ್ಕೂ ನಡುವಿನ ಗೆರೆಯನ್ನು ದೇಹವೇನೂ ಎಳೆದಿಲ್ಲ, ವೈದ್ಯರು ಎಳೆದಿದ್ದಾರೆ. ಆದರೂ ನಳಿಕೆ ಯಾರ ಮುಲಾಜೂ ನೋಡುವುದಿಲ್ಲ.

ಒಮ್ಮತವನ್ನು ಎಣಿಸುವುದೂ ಸರಳವಲ್ಲ. ನೂರು ಮಕ್ಕಳಲ್ಲಿ ತೊಂಬತ್ತನ್ನು ‘ಸೌಮ್ಯ’ ಎನ್ನುವ ರೂಢಿಯುಳ್ಳ ಇಬ್ಬರು ವೈದ್ಯರು ಮಕ್ಕಳನ್ನು ನೋಡದೆಯೇ ಚೀಟಿ ಎತ್ತಿದರೂ ಸರಾಸರಿ 82 ಮಕ್ಕಳ ವಿಷಯದಲ್ಲಿ ಅವರ ಮಾತು ಕೂಡಿಬರುತ್ತದೆ. ಜೇಕಬ್ ಕೊಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಎಂಬ ಅಂಕ ಈ ಆಕಸ್ಮಿಕ ಹೊಂದಿಕೆಯನ್ನು ಕಳೆದು ಉಳಿದುದನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ, 82 ಪ್ರತಿಶತದ ಆ ಒಮ್ಮತಕ್ಕೆ ದಕ್ಕುವುದು ಸೊನ್ನೆ.

ಎಣಿಕೆಯಿಂದ ತೀರದ ಈ ಪ್ರಶ್ನೆಗೆ ಪ್ರಮಾಣಶಾಸ್ತ್ರದ ಉತ್ತರವೊಂದು ಹತ್ತಿರದಲ್ಲೇ ಇದೆ. ಗಾಜಿಪುರದಿಂದ ಸುಮಾರು 40 ಕಿ.ಮೀ. ದೂರದ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದೊಂದಿಗೆ 14ನೆಯ ಶತಮಾನದ ಜಯತೀರ್ಥರ ಹೆಸರು ಬೆಸೆದುಕೊಂಡಿದೆ. (ಅವರ ಮೂಲ ವೃಂದಾವನ ಅಲ್ಲಿದೆಯೋ ಆನೆಗೊಂದಿಯ ನವವೃಂದಾವನದಲ್ಲಿದೆಯೋ ಎಂಬುದರಲ್ಲಿಯೇ ಮಠಗಳಿಗೆ ಒಮ್ಮತವಿಲ್ಲ.) ‘ಪ್ರಮಾಣಪದ್ಧತಿ’ಯನ್ನು ಬರೆದ ಅವರ ದ್ವೈತ ಪರಂಪರೆಯಲ್ಲಿ ಪ್ರಾಮಾಣ್ಯ, ಅಂದರೆ ಅರಿವಿನ ಸತ್ಯತೆ, ಹೊರಗಿನಿಂದ ಬಂದು ಸೇರುವಂಥದ್ದಲ್ಲ, ಅದನ್ನು ಗ್ರಹಿಸುವುದು ಒಳಗಿನ ಸಾಕ್ಷಿ, ಪರೀಕ್ಷೆಯ ಕೆಲಸ ಸಂಶಯವನ್ನು ಕಳೆಯುವುದಷ್ಟೇ. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪದೆ, ಅರಿವನ್ನು ನಂಬಿ ನಡೆದಾಗ ಕಾರ್ಯ ಫಲಿಸಿದರೆ ಮಾತ್ರ ಅದರ ಸತ್ಯತೆ ತಿಳಿಯುತ್ತದೆನ್ನುತ್ತಾರೆ.

ಕೂಸಿನ ವಿಷಯದಲ್ಲಿ ನೈಯಾಯಿಕರ ಮಾತೇ ಹೆಚ್ಚು ಸಲ್ಲುತ್ತದೆ, ಏಕೆಂದರೆ ತೂಕ ಏರಿತೇ, ನಿದ್ದೆಯಲ್ಲಿ ಉಸಿರು ನಿರಾಳವಾಯಿತೇ ಎಂಬುದನ್ನು ತಜ್ಞರ ಒಳಗಿನ ನಿಶ್ಚಯ ತೀರ್ಮಾನಿಸಲಾರದು. ಆದರೆ ಪರೀಕ್ಷೆ ಇರುವುದು ಸಂಶಯವನ್ನು ಕಳೆಯಲೆಂದೇ ಎಂಬ ದ್ವೈತಿಗಳ ಮಾತನ್ನೂ ಬಿಡುವಂತಿಲ್ಲ: ಮೊದಲನೆಯವರ ಟಿಪ್ಪಣಿಯನ್ನು ಓದಿಕೊಂಡೇ ಒಳಬರುವ ಎರಡನೆಯ ವೈದ್ಯರ ಒಪ್ಪಿಗೆ ಸಂಶಯವನ್ನು ಕಳೆಯುವ ಹೊಸ ಸಾಕ್ಷ್ಯವಾಗದು. ಆದ್ದರಿಂದ ಇಬ್ಬರೂ ಬೇರೆ ಬೇರೆಯಾಗಿ ನೋಡಿ ಬರೆಯಬೇಕು, ಅಭಿಪ್ರಾಯ ಕೂಡದಿದ್ದರೆ ಆ ಭೇದವನ್ನೂ ಕಡತದಲ್ಲಿ ದಾಖಲಿಸಿ ತಂದೆತಾಯಿಗಳಿಗೆ ತಿಳಿಸಬೇಕು.